ಹಡಗು ಕಡಲಿನಲ್ಲಿಲ್ಲದ ದಿನಗಳ ಬಗ್ಗೆ ಬರೆಯಿರಿ

ಮಾನ್ಯರೇ,

ನಾಪೋಕ್ಲುವಿನಿಂದ ನೀವು ಕಳುಹಿಸಿದ ‘ಕಡಲ ಮೇಲಿನ ಸಿಂಹಗಳು’ ಎಂಬ ಲೇಖನವನ್ನು ಎರಡು ಸಲ ಓದಿದೆ. ನಮ್ಮ ವಿಮಾನವಾಹಕ ನೌಕೆಗಳ ಇತಿಹಾಸ, ಗಾತ್ರ, ವೇಗ, ಯುದ್ಧಸಾಹಸ ಎಲ್ಲವನ್ನೂ ಹನ್ನೊಂದು ಪುಟಗಳಲ್ಲಿ ಹೇಳಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಏಳನೆಯ ಪುಟದ ಕೆಳಗೆ ಒಂಬತ್ತು ಸಾಲುಗಳಿವೆ, ಅವುಗಳಿಗಾಗಿಯೇ ಮಾಮೂಲಿ ವಿಷಾದಪತ್ರವನ್ನು ಬದಿಗಿಟ್ಟು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಸಾಲುಗಳಲ್ಲಿ ನಿಮ್ಮ ಸೋದರಮಾವನವರು ಬರುತ್ತಾರೆ. ‘ವಿರಾಟ್’ ನೌಕೆಯ ಬಾಯ್ಲರ್ ಕೋಣೆಯಲ್ಲಿ ದುಡಿದು ನಿವೃತ್ತರಾದ ಅವರು, ತೋಟದಲ್ಲಿ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತಿರುವಾಗ ಸ್ಕ್ರೂ ಡ್ರೈವರ್‌ನ ತುದಿಯನ್ನು ಬೇರಿಂಗ್‌ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, “ಇದು ಈ ಸೀಸನ್ ದಾಟುವುದಿಲ್ಲ” ಎಂದು ಹೇಳುತ್ತಾರೆ. ಹಬೆಯ ಕೊಳವೆಯಲ್ಲಿ ಸೋರಿಕೆಯಾದರೆ ಅತಿಯಾಗಿ ಕಾದ ಹಬೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಕಸಬರಿಗೆಯ ಕೋಲನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರೆಂದೂ, ಕೋಲು ತುಂಡಾದ ಕಡೆ ಸೋರಿಕೆ ಇದೆಯೆಂದು ತಿಳಿಯುತ್ತಿದ್ದರೆಂದೂ ಅವರು ಊಟದ ಹೊತ್ತಿನಲ್ಲಿ ಹೇಳಿದ್ದನ್ನು ನೀವು ಹಾಗೆಯೇ ಬರೆದುಕೊಂಡಿದ್ದೀರಿ. ಇದನ್ನು ಓದಿದಾಗ ನನ್ನ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಮುಂದಿನ ಪ್ಯಾರಾದಲ್ಲಿಯೇ ನೀವು ಮತ್ತೆ ಸಿಂಹಗರ್ಜನೆಗೆ ಮರಳಿದಿರಿ.

ಮೊದಲ ಎರಡು ಪುಟಗಳನ್ನು ದಯವಿಟ್ಟು ತೆಗೆದುಹಾಕಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಭೂಸೇನೆಯವರು. ಕೊಡಗಿನವರು ಸೇನೆಯ ಬಗ್ಗೆ ಏನು ಬರೆದರೂ ಅವರಿಂದಲೇ ಆರಂಭಿಸಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ‘ತೇಲುವ ನಗರ’ ಎಂಬ ಮಾತು ಐದು ಕಡೆ ಬಂದಿದೆ, ಒಂದು ಕಡೆ ಬಂದಿದ್ದರೂ ಹೆಚ್ಚಾಗುತ್ತಿತ್ತು. ಹೊಸ ‘ವಿಕ್ರಾಂತ್’ನ 262 ಮೀಟರ್ ಉದ್ದವನ್ನು ಎರಡು ಫುಟ್‌ಬಾಲ್ ಮೈದಾನಗಳಿಗೆ ಹೋಲಿಸಿದ್ದೀರಿ. ನಮ್ಮ ಓದುಗರು ಮೈದಾನವನ್ನು ಅಳೆಯುವುದು ಹಾಕಿಯಿಂದ: 91.4 ಮೀಟರಿನ ಮೂರು ಹಾಕಿ ಮೈದಾನಗಳನ್ನು ಉದ್ದಕ್ಕೆ ಜೋಡಿಸಿದರೆ ನೌಕೆಗಿಂತ ಹನ್ನೆರಡು ಮೀಟರು ಮಾತ್ರ ಹೆಚ್ಚಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ನೌಕೆಗಳು ಸದಾ ಕಡಲಿನಲ್ಲಿಯೇ ಇವೆ. ನಿಜವಾಗಿ ವಿಮಾನವಾಹಕ ನೌಕೆಯ ಬದುಕಿನ ದೊಡ್ಡ ಪಾಲು ಕಳೆಯುವುದು ಜೆಟ್ಟಿಯ ಪಕ್ಕದಲ್ಲಿ, ನೀರು ಬಸಿದು ಹಡಗನ್ನು ದುರಸ್ತಿ ಮಾಡುವ ಡ್ರೈ ಡಾಕ್‌ನ ಒಣನೆಲದಲ್ಲಿ ಮತ್ತು ದುರಸ್ತಿಯ ನಂತರದ ತಾಲೀಮಿನಲ್ಲಿ. 1971ರ ಡಿಸೆಂಬರ್ 4ರಂದು ಹಳೆಯ ‘ವಿಕ್ರಾಂತ್’ನಿಂದ ಹಾರಿದ ಸೀ ಹಾಕ್ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದನ್ನು ಎರಡು ಪುಟ ಬಣ್ಣಿಸಿದ್ದೀರಿ. ಅದೇ ನೌಕೆ 1965ರ ಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿ ದೊಡ್ಡ ದುರಸ್ತಿಗೆಂದು ರಿಫಿಟ್‌ನಲ್ಲಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ಮುಳುಗಿಸಿದ್ದೇವೆಂದು ಪಾಕಿಸ್ತಾನ ಆಗ ಸಾರಿಕೊಂಡಿತ್ತು. ನೌಕೆ ಕಡಲಿಗೇ ಇಳಿದಿರಲಿಲ್ಲ! 1971ರಲ್ಲಿಯೂ ಅದರ ಒಂದು ಬಾಯ್ಲರ್‌ನಲ್ಲಿ ಬಿರುಕು ಬಿಟ್ಟಿತ್ತು. ಬಾಯ್ಲರ್ ಕೆಟ್ಟರೆ ವೇಗ ತಗ್ಗುತ್ತದೆ ಎಂಬಷ್ಟಕ್ಕೆ ಕಥೆ ಮುಗಿಯುವುದಿಲ್ಲ. ವಿಮಾನ ಹಾರಿಸಬೇಕಾದರೆ ನೌಕೆ ಗಾಳಿಗೆ ಮುಖಮಾಡಿ ಓಡಬೇಕು, ಗಾಳಿಯ ವೇಗಕ್ಕೆ ನೌಕೆಯ ವೇಗವೂ ಕೂಡಿದಾಗಲೇ ಅಷ್ಟು ಚಿಕ್ಕ ಅಂಗಳದಿಂದ ರೆಕ್ಕೆ ಭಾರವನ್ನು ಎತ್ತುತ್ತದೆ. ಗಾಳಿ ಬಿದ್ದ ದಿನ ನೌಕೆಯೂ ಕುಂಟಿದರೆ ಮೇಲಿರುವ ವಿಮಾನಗಳು ಬರಿಯ ಹೊರೆ. ಆ ಸ್ಥಿತಿಯಲ್ಲಿ ‘ವಿಕ್ರಾಂತ್’ ಅನ್ನು ಬಂಗಾಳ ಕೊಲ್ಲಿಗೆ ಕಳುಹಿಸಬೇಕೇ ಬೇಡವೇ ಎಂಬ ಚರ್ಚೆಯೇ ನಿಮ್ಮ ಎರಡು ಪುಟಗಳಿಗಿಂತ ರೋಚಕವಾದದ್ದು. ಬಾಂಬು ಬಿದ್ದದ್ದನ್ನು ಎಲ್ಲರೂ ಬರೆದಿದ್ದಾರೆ. ಕೆಳಗೆ ಉಳಿದ ಬಾಯ್ಲರ್‌ಗಳನ್ನು ನೋಡಿಕೊಂಡು ಕುಳಿತವರನ್ನು, ಮಾವನವರ ಕಿವಿಯಿಂದ ಕೇಳಿಸಿಕೊಂಡ ನೀವು ಬರೆಯಬಲ್ಲಿರಿ.

‘ವಿಕ್ರಮಾದಿತ್ಯ’ದ ವಿಷಯವೂ ಇಂಥದೇ. 2013ರ ನವೆಂಬರ್ 16ರಂದು ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ಅದು ನಮ್ಮ ನೌಕಾಪಡೆಗೆ ಸೇರಿದ ದಿನವನ್ನು ಬರೆದಿದ್ದೀರಿ. ಅದರ ಹಿಂದಿನ ವರ್ಷದ ಪರೀಕ್ಷಾಯಾನದಲ್ಲಿ ಎಂಟು ಬಾಯ್ಲರ್‌ಗಳ ಪೈಕಿ ಏಳು, ಒಳಗಿನ ಶಾಖನಿರೋಧಕ ಇಟ್ಟಿಗೆ ಹಾಳಾಗಿ ಕೈಕೊಟ್ಟಿದ್ದರಿಂದ ಹಸ್ತಾಂತರವೇ ಮುಂದಕ್ಕೆ ಹೋದದ್ದನ್ನು ಬಿಟ್ಟಿದ್ದೀರಿ. ಹಬೆಯ ನೌಕೆಯಲ್ಲಿ ಇಟ್ಟಿಗೆ, ಕೊಳವೆಗಳನ್ನು ಇದ್ದಲ್ಲಿಯೇ ಬಿಚ್ಚಿ ಕಟ್ಟಬೇಕು. 2022ರ ಸೆಪ್ಟೆಂಬರ್ 2ರಂದು ಸೇರಿದ ಹೊಸ ‘ವಿಕ್ರಾಂತ್’ನಲ್ಲಿರುವುದು ನಾಲ್ಕು ಗ್ಯಾಸ್ ಟರ್ಬೈನ್‌ಗಳು, ಅವುಗಳನ್ನು ಇಡಿಯಾಗಿ ಹೊರತೆಗೆದು ಬೇರೆಯದನ್ನು ಕೂರಿಸಬಹುದು. ನೀವು ಒಂದೆಡೆ ಈ ನೌಕೆಯನ್ನು ಅಣುಶಕ್ತಿಯದೆಂದು ಬರೆದಿದ್ದೀರಿ, ಅದು ತಪ್ಪು.

ಇನ್ನೂ ಎರಡು ತಪ್ಪುಗಳಿವೆ. ಕಾರವಾರದ ಕದಂಬ ನೌಕಾನೆಲೆಯ ಶಿಪ್ ಲಿಫ್ಟ್‌ನಲ್ಲಿ ‘ವಿಕ್ರಮಾದಿತ್ಯ’ವನ್ನು ಎತ್ತಿ ರಿಪೇರಿ ಮಾಡುತ್ತಾರೆಂದು ಬರೆದಿರುವುದು ನಮ್ಮ ರಾಜ್ಯದ ಮೇಲಿನ ಅಭಿಮಾನದಿಂದ ಇರಬಹುದು. ಆ ಲಿಫ್ಟ್ ಹೊರುವುದು 10,000 ಟನ್, ನೌಕೆಯ ಭಾರ ಸುಮಾರು 44,500 ಟನ್. ತಳ ಒಣಗಿಸಬೇಕಾದಾಗ ಅದು ಕೊಚ್ಚಿಯ ಡ್ರೈ ಡಾಕ್‌ಗೇ ಹೋಗಬೇಕಾಯಿತು. ಹಾಗೆಯೇ, ನಮ್ಮ ಈಗಿನ ಎರಡೂ ನೌಕೆಗಳಲ್ಲಿ ವಿಮಾನವನ್ನು ಕವಣೆಯಂತೆ ಎಸೆಯುವ ಕ್ಯಾಟಪಲ್ಟ್ ಇಲ್ಲ. ಮಿಗ್-29ಕೆ ವಿಮಾನ ತನ್ನ ಎಂಜಿನ್ನಿನ ಬಲದಿಂದಲೇ ಓಡಿ, ಮುಂಭಾಗದ ಮೇಲೇರಿದ ಸ್ಕೀ ಜಂಪ್‌ನಿಂದ ಹಾರುತ್ತದೆ. ಇಳಿಯುವಾಗ ಮಾತ್ರ ಬಾಲದ ಕೊಕ್ಕೆ ಅಂಗಳದ ಉಕ್ಕಿನ ಹಗ್ಗಕ್ಕೆ ಸಿಕ್ಕಬೇಕು. ಸಿಕ್ಕದಿದ್ದರೆ ಮತ್ತೆ ಮೇಲೇಳಬೇಕಾಗುವುದರಿಂದ, ಚಕ್ರ ತಾಗಿದ ಕ್ಷಣ ಪೈಲಟ್ ಎಂಜಿನ್ನನ್ನು ತಗ್ಗಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಇದನ್ನು ನೀವು ಸರಿಯಾಗಿ ಬರೆದಿದ್ದೀರಿ, ಚೆನ್ನಾಗಿಯೂ ಬರೆದಿದ್ದೀರಿ.

“ಎರಡು ನೌಕೆಗಳಿರುವುದರಿಂದ ಎರಡೂ ಸಮುದ್ರಗಳು ಸದಾ ಕಾವಲಿನಲ್ಲಿವೆ” ಎಂಬ ನಿಮ್ಮ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಒಂದು ನೌಕೆ ಕಡಲಿನಲ್ಲಿದ್ದರೆ ಇನ್ನೊಂದು ರಿಪೇರಿಯಲ್ಲಿರುತ್ತದೆ, ಮತ್ತೊಂದು ರಿಪೇರಿ ಮುಗಿಸಿ ಸಿಬ್ಬಂದಿಗೂ ಪೈಲಟ್‌ಗಳಿಗೂ ಮರುತಾಲೀಮು ಕೊಡುತ್ತಿರುತ್ತದೆ ಎಂಬುದು ನೌಕಾಪಡೆಗಳ ಸ್ಥೂಲ ಲೆಕ್ಕ. ಮೂರನೆಯ ನೌಕೆ ಬೇಕೆಂಬ ವಾದ ಹುಟ್ಟುವುದು ಇಲ್ಲಿಂದಲೇ. ಹನ್ನೊಂದು ನೌಕೆಗಳಿರುವ ಅಮೆರಿಕಕ್ಕೂ ಈ ಲೆಕ್ಕ ತಪ್ಪಿಲ್ಲ. ಅವರ ‘ಜಾರ್ಜ್ ವಾಷಿಂಗ್ಟನ್’ ಅಣು ಇಂಧನ ಬದಲಾಯಿಸಿಕೊಂಡು ನಡುವಯಸ್ಸಿನ ದುರಸ್ತಿ ಮುಗಿಸಲು 2017ರಲ್ಲಿ ಒಳಹೋದದ್ದು ಹೊರಬಂದದ್ದು 2023ರಲ್ಲಿ. ನಾಟಿಯ ಕೆಲಸ ಮುಗಿಯುವವರೆಗೆ ಕೋವಿಯನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇಟ್ಟು, ಕೈಲ್‌ಪೋಳ್ದ್‌ ಹಬ್ಬದ ದಿನ ತೆಗೆದು ತೋಕ್‌ಪೂ ಹೂವು ಮುಡಿಸುವ ಊರಿನವರಿಗೆ, ಆಯುಧ ವರ್ಷವಿಡೀ ಹೆಗಲ ಮೇಲಿರುವುದಿಲ್ಲ ಎಂದು ಉದ್ದುದ್ದ ವಿವರಿಸಬೇಕಾಗಿಲ್ಲ. ಈ ಹೋಲಿಕೆಯನ್ನು ಬಳಸುವುದಾದರೆ ಒಂದೇ ಸಲ ಬಳಸಿ. ರುಚಿ ಸಿಕ್ಕಿತೆಂದು ಎಳೆಯಬೇಡಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಬಾಷ್ಪೋತ್ಪಾದಕ’ ಎಂದು ನಿಮ್ಮ ಮಾವನವರು ಎಂದೂ ಅಂದಿರಲಾರರು. ಬಾಯ್ಲರ್, ಡಾಕ್, ರಿಫಿಟ್ ಎಂದೇ ಬರೆಯಿರಿ.

ಮುಂದಿನ ಕರಡು ಐದು ಪುಟಗಳೊಳಗಿರಲಿ; ‘ವಿರಾಟ್’ ಒಂದೇ ಸಾಕು. 1959ರಲ್ಲಿ ಬ್ರಿಟನ್ನಿನ ‘ಹರ್ಮಿಸ್’ ಆಗಿ ಸೇವೆಗೆ ಇಳಿದು, 1982ರ ಫಾಕ್‌ಲೆಂಡ್ಸ್ ಯುದ್ಧವನ್ನು ಕಂಡು, 1987ರಿಂದ 2017ರವರೆಗೆ ನಮ್ಮಲ್ಲಿ ದುಡಿದ ಹಡಗು ಅಷ್ಟು ವರ್ಷ ಹೇಗೆ ಉಳಿಯಿತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಳ್ಳಿ. ವಿಮಾನ ಹಾರುವ ಮೊದಲು ನಾವಿಕರು ಭುಜಕ್ಕೆ ಭುಜ ಹಚ್ಚಿ ಸಾಲಾಗಿ ನಡೆದು, ಎಂಜಿನ್ ನುಂಗಬಹುದಾದ ಮೊಳೆ, ಕಲ್ಲಿನ ಚೂರುಗಳನ್ನು ಅಂಗಳದಿಂದ ಹೆಕ್ಕುವುದನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಸಿದ್ದೀರಿ. ಕಾಫಿ ಕಣದಲ್ಲಿ ಕಲ್ಲು ಹೆಕ್ಕಿದ ಬೆನ್ನಿಗೆ ಆ ನಡಿಗೆ ಗೊತ್ತು, ಅದಕ್ಕೆ ಒಂದು ಪುಟ ಕೊಡಿ. ಬರೆಯುವ ಮುನ್ನ ಮಾವನವರ ಬಳಿ ಇನ್ನೊಂದು ಸಂಜೆ ಕುಳಿತು, ಎಂಜಿನ್ನುಗಳೆಲ್ಲ ನಿಂತು ಹಡಗು ಡಾಕ್‌ನಲ್ಲಿ ಮೊದಲ ರಾತ್ರಿ ಕಳೆಯುವಾಗ ಕೆಳಗಿನ ಕೋಣೆಯಲ್ಲಿ ಏನು ಕೇಳಿಸುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ತಿದ್ದದೆ ಮೊದಲ ಪುಟದಲ್ಲಿ ಹಾಕಿ, ಕೊಯ್ಲು ಶುರುವಾಗುವ ಮೊದಲು ಕಳುಹಿಸಿ. ಆಮೇಲೆ ನಿಮಗೂ ಬಿಡುವಿರುವುದಿಲ್ಲ, ನನಗೂ ಇರುವುದಿಲ್ಲ.

ಇತಿ,
ಸಂಪಾದಕ
ಮಡಿಕೇರಿ