ಕ್ಷಮಿಸಿದವರು ಮಾತಾಡಬಾರದೇ?

ಪ್ರಿಯ ಸಹೋದರಿ, ಕರ್ತನಲ್ಲಿ ವಂದನೆಗಳು.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ಆರಾಧನೆಯಲ್ಲಿ ಹಾಡು ನಡೆಸುವ ಸೇವೆ ಬಹಳ ವರ್ಷಗಳಿಂದ ನಿಮ್ಮದಾಗಿತ್ತು. ಈಗ ಅದನ್ನು ಒಬ್ಬ ಯುವತಿಗೆ ವಹಿಸಿದ್ದಾರೆ. ನಿಮಗದು ಗೊತ್ತಾದದ್ದು ಭಾನುವಾರದ ಪ್ರಕಟಣೆಯಲ್ಲಿ, ಎಲ್ಲರ ಜೊತೆಗೆ. ಪಾಸ್ಟರ್ ಮುಂಚೆ ಒಂದು ಮಾತೂ ಹೇಳಿರಲಿಲ್ಲ. ಸಭೆಯ ಹಿರಿಯರೊಬ್ಬರ ಹತ್ತಿರ ತೋಡಿಕೊಂಡರೆ, "ಪ್ರೀತಿಯು ಬಹು ಪಾಪಗಳನ್ನು ಮುಚ್ಚುತ್ತದೆ, ಬಿಟ್ಟುಬಿಡಿ ಅಮ್ಮಾ" ಎಂದರು. ನಿಮಗೆ ಬಿಡಲಾಗುತ್ತಿಲ್ಲ. ಹೋಗಿ ಕೇಳಿದರೆ ಕ್ಷಮಿಸಲಾರದವಳು ಅನ್ನಿಸಿಕೊಳ್ಳುವ ಭಯ. ಸಭೆಯನ್ನೇ ಬಿಡಲೇ ಎಂದು ಕೇಳಿದ್ದೀರಿ.

ಹೋಗಿ ಕೇಳಿ. ಮತ್ತಾಯ 18:15ರಲ್ಲಿ ಯೇಸು ನೊಂದವರಿಗೆ ಹೇಳಿದ್ದೇ ಅದನ್ನು: ತಪ್ಪು ಮಾಡಿದ ಸಹೋದರನ ಬಳಿಗೆ ನೀನೇ ಹೋಗು, ಇಬ್ಬರೇ ಇರುವಾಗ ತಿಳಿಸು. ಎಷ್ಟು ಸಾರಿ ಕ್ಷಮಿಸಬೇಕು ಎಂದು ಪೇತ್ರ ಕೇಳುವುದೂ ಅದೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಕೆಳಗೆ. ಲೆಕ್ಕವಿಡದೆ ಕ್ಷಮಿಸು ಎಂದವನೇ ಹೋಗಿ ಹೇಳು ಎಂದೂ ಹೇಳಿದ್ದಾನೆ. ಇವೆರಡಕ್ಕೂ ಜಗಳ ಹಚ್ಚಿದವರು ನಾವು.

ಹಿರಿಯರು ಹೇಳಿದ್ದು 1 ಪೇತ್ರ 4:8ರ ಮಾತು, ದೊಡ್ಡ ಮಾತು. ಆದರೆ ಅದನ್ನು ನೊಂದವರು ತಾವಾಗಿ ಕೈಗೆತ್ತಿಕೊಳ್ಳಬೇಕು. ನೋಯಿಸಿದವರ ಪರವಾಗಿ ಇನ್ನೊಬ್ಬರು ಎತ್ತಿ ಹಿಡಿದರೆ ಅದು ಪಾಪ ಮುಚ್ಚುವುದಿಲ್ಲ, ಬಾಯಿ ಮುಚ್ಚಿಸುತ್ತದೆ. ಸುಮ್ಮನೆ ಬಿಟ್ಟುಬಿಡಬೇಕಾದವೂ ಬೇಕಾದಷ್ಟಿವೆ, ನಿಜ. ಯಾರೋ ವಂದನೆ ಹೇಳದೆ ಹೋದರು, ಕೃತಜ್ಞತೆ ಸಲ್ಲಿಸುವಾಗ ಹೆಸರು ಬಿಟ್ಟುಹೋಯಿತು. ಇಂಥದ್ದಕ್ಕೆಲ್ಲ ಜ್ಞಾನೋಕ್ತಿ 19:11 ಸಾಕು: ತಪ್ಪನ್ನು ಲಕ್ಷಿಸದಿರುವುದೇ ಅಲ್ಲಿ ಮನುಷ್ಯನಿಗೆ ಭೂಷಣ. ನಿಮ್ಮ ವಿಷಯ ಆ ಮಟ್ಟದಲ್ಲಿ ನಿಂತಿಲ್ಲ. ಪತ್ರದಲ್ಲಿ ಬೇರೆ ಏನು ಬರೆಯಹೊರಟರೂ ಮತ್ತೆ ಆ ಭಾನುವಾರಕ್ಕೇ ಬಂದು ನಿಲ್ಲುತ್ತೀರಿ.

ಹೋಗುವ ಮುಂಚೆ ಮಾತ್ರ ನಿಮ್ಮ ನೋವನ್ನು ಎರಡಾಗಿ ಬಿಡಿಸಿ ನೋಡಿ. ಎಲ್ಲರೆದುರು, ಮುನ್ಸೂಚನೆ ಇಲ್ಲದೆ ತಿಳಿಸಿದ್ದು ಪಾಸ್ಟರ್ ಅವರ ತಪ್ಪು. ನನಗದರಲ್ಲಿ ಸಂಶಯವಿಲ್ಲ. ಆದರೆ ಹಾಡುವ ಹೊಣೆಯನ್ನು ಬೇರೆಯವರಿಗೆ ಕೊಟ್ಟದ್ದೇ ತಪ್ಪೇ? ಸೇವೆ ಕರ್ತನದು ಎಂದು ಹೇಳುತ್ತಲೇ ನಾವು ಜಾಗವನ್ನು ನಮ್ಮದು ಮಾಡಿಕೊಂಡಿರುತ್ತೇವೆ. ಆ ಹುಡುಗಿಯ ಬಗ್ಗೆ "ಶ್ರುತಿಯೂ ಸರಿಯಾಗಿ ಹಿಡಿಯುವುದಿಲ್ಲ" ಎಂದು ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಅವಳೇನೂ ಮಾಡಿಲ್ಲ.

ಆರಾಧನೆ ಶುರುವಾಗುವ ಹೊತ್ತಿನಲ್ಲಿ ಪಾಸ್ಟರ್ ಅವರನ್ನು ತಡೆದು ನಿಲ್ಲಿಸಬೇಡಿ. ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ. ಸಮಯ ಕೇಳಿ, ಎದುರು ಕೂತು ಹೇಳಿ: "ಪಾಸ್ಟರ್, ಆ ಪ್ರಕಟಣೆ ಕೇಳಿದಾಗ ನನಗೆ ತುಂಬ ಅವಮಾನವಾಯಿತು. ಮೊದಲೇ ಕರೆದು ಹೇಳಿದ್ದರೂ ಬೇಸರವಾಗುತ್ತಿತ್ತು, ಆದರೆ ಹೀಗೆ ಆಗುತ್ತಿರಲಿಲ್ಲ." ಇಷ್ಟು ಹೇಳಿ ನಿಲ್ಲಿಸಿ, ಅವರ ಮಾತು ಕೇಳಿ. "ಎಲ್ಲರೂ ಹಾಗೇ ಅಂತಿದ್ದಾರೆ" ಎಂದು ಸೇರಿಸಿದರೆ ಮುಂದಿನ ಮಾತೆಲ್ಲ ಆ "ಎಲ್ಲರೂ" ಯಾರು ಎಂಬುದರ ಮೇಲೇ ನಡೆಯುತ್ತದೆ. ಇದನ್ನು ಪ್ರಾರ್ಥನಾ ವಿಷಯವಾಗಿ ಹಂಚುವುದೂ ಬೇಡ. "ನಮ್ಮ ಪಾಸ್ಟರ್‌ಗಾಗಿ ಪ್ರಾರ್ಥಿಸಿ, ಕಾರಣ ಮಾತ್ರ ಕೇಳಬೇಡಿ" ಎನ್ನುವುದು ಮೊಣಕಾಲೂರಿ ಆಡುವ ಚಾಡಿ.

ಒಂದೇ ಭೇಟಿಯಲ್ಲಿ ಎಲ್ಲ ಸರಿಹೋಗದಿರಬಹುದು. ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯ ಸೀಮೆಯಲ್ಲಿ ತಮ್ಮನ್ನು ಬಿಟ್ಟುಹೋದ ಸಂಗಡಿಗ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗುವ ವಿಷಯದಲ್ಲಿ ಜೊತೆಯಾಗಿ ಸೇವೆ ಮಾಡುತ್ತಿದ್ದ ಅಪೊಸ್ತಲರಾದ ಪೌಲ ಬಾರ್ನಬರಿಗೇ ತೀಕ್ಷ್ಣ ವಾಗ್ವಾದವಾಗಿ ಇಬ್ಬರೂ ಅಗಲಿದರು. ಬಾರ್ನಬ ಮಾರ್ಕನೊಂದಿಗೆ ಕುಪ್ರದ್ವೀಪಕ್ಕೆ, ಪೌಲ ಸೀಲನೊಂದಿಗೆ ಸಿರಿಯ, ಕಿಲಿಕ್ಯಗಳ ಕಡೆಗೆ. ಯಾರದು ಸರಿ ಎಂದು ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ತೀರ್ಪು ಕೊಡುವುದಿಲ್ಲ. ಅವರು ಹೇಗೆ ರಾಜಿಯಾದರು ಎಂಬುದನ್ನೂ ಯಾರೂ ಬರೆದಿಟ್ಟಿಲ್ಲ. ಆದರೆ ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ (4:11) ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ ಎನ್ನುತ್ತಾನೆ. ಅಗಲಿದರೂ ಅವರಲ್ಲಿ ಯಾರೂ ಸೇವೆ ಬಿಟ್ಟು ಮನೆಯಲ್ಲಿ ಕೂರಲಿಲ್ಲ ಎಂಬುದನ್ನು ಗಮನಿಸಿ.

ಇದನ್ನು ಓದುವ ಪಾಸ್ಟರ್‌ಗಳಿಗೂ ಒಂದು ಮಾತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಸಮಾಧಾನವಾಗು ಎಂದು ಮತ್ತಾಯ 5:23-24 ಹೇಳುವುದು ನೋಯಿಸಿದವನಿಗೆ. ನೊಂದವರೇ ಬರಲಿ ಎಂದು ಕುರ್ಚಿಯಲ್ಲಿ ಕಾಯುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಇನ್ನೊಂದು ವಿಷಯವನ್ನು ಬೆರೆಸಬಾರದು. ದೈಹಿಕ ದೌರ್ಜನ್ಯ, ಲೈಂಗಿಕ ಕಿರುಕುಳ, ಸಭೆಯ ಹಣದ ದುರುಪಯೋಗ ಇವು ಮನಸ್ತಾಪಗಳಲ್ಲ. ಅಂಥಲ್ಲಿ ಒಬ್ಬರೇ ಹೋಗಿ ಮಾತಾಡಿ ಎಂದು ಯಾರಿಗೂ ಹೇಳಲಾರೆ. ಹಿರಿಯರಿಗೂ ಕಾನೂನಿಗೂ ಅದು ತಲುಪಬೇಕು. ಕ್ಷಮೆಯ ಹೆಸರಿನಲ್ಲಿ ಅದನ್ನು ಮುಚ್ಚಿಡುವವರು ಮುಂದಿನ ಬಲಿಗೆ ದಾರಿ ಮಾಡಿಕೊಡುತ್ತಾರೆ.

ನಿಮ್ಮ ಪಾಸ್ಟರ್ ಕೇಳಿಸಿಕೊಳ್ಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಮತ್ತೆ ಹೋಗಿ. ನಿಮ್ಮ ಪಕ್ಷದವರನ್ನಲ್ಲ, ನಿಮ್ಮಿಬ್ಬರಿಗೂ ಬೇಕಾದವರನ್ನು. ಸಭೆ ಬಿಡುವ ಪ್ರಶ್ನೆ ಅದಾದ ಮೇಲೆ ಬರಲಿ. ಈ ಉತ್ತರದ ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಮುಂಚಿತವಾಗಿ ಕಳಿಸಿದ್ದೇನೆ. ಸಂಚಿಕೆ ಪಾಸ್ಟರ್ ಅವರ ಕೈ ಸೇರುವುದರೊಳಗೆ ಮಾತಾಡಿಬಿಡಿ, ಹೆಸರಿಲ್ಲದಿದ್ದರೂ ಅವರಿಗೆ ಗುರುತು ಸಿಕ್ಕೀತು.

— ಸಂಪಾದಕ