ಬೆರಳಿನ ಕ್ಲಿಪ್ಪು ಕೂಗಿದ್ದು ಯಾಕೆ?

ಪ್ರಶ್ನೆ: ಅಮ್ಮ ವಾರ್ಡಿನಲ್ಲಿದ್ದಾಗ ಬೆರಳಿನ ಕ್ಲಿಪ್ಪು ಇದ್ದಕ್ಕಿದ್ದಂತೆ 86 ತೋರಿಸಿ ಕೂಗಿಕೊಂಡಿತು. ನಮಗೆ ಜೀವ ಬಾಯಿಗೆ ಬಂತು. ಸಿಸ್ಟರ್ ಬಂದು ಅಮ್ಮನ ಕೈ ಉಜ್ಜಿ, ಕ್ಲಿಪ್ಪನ್ನು ಬೇರೆ ಬೆರಳಿಗೆ ಹಾಕಿದರು, 97 ಆಯ್ತು. ಮಿಷಿನ್ ಕೆಟ್ಟಿತ್ತಾ?
– ಓದುಗರೊಬ್ಬರು, ಹಾಸನ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಅದು ಪಲ್ಸ್ ಆಕ್ಸಿಮೀಟರ್, ಅಂದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಅಂತ ಅಳೆಯುವ ಸಾಧನ. ಒಂದು ಕಡೆಯಿಂದ ಕೆಂಪು ಬೆಳಕು, ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೆರಳಿನೊಳಗೆ ಹೋಗುತ್ತವೆ, ಆಮ್ಲಜನಕ ತುಂಬಿದ ರಕ್ತ ಮತ್ತು ಖಾಲಿ ರಕ್ತ ಈ ಎರಡು ಬೆಳಕನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುವುದರಿಂದ ಲೆಕ್ಕ ಸಿಗುತ್ತದೆ. ನಾಡಿ ಮಿಡಿದಾಗ ಆಗುವ ಏರಿಳಿತವನ್ನೇ ಹಿಡಿಯುವ ಈ ಉಪಾಯ 1974ರಲ್ಲಿ ಜಪಾನಿನ ಟಕುವೊ ಅವೊಯಾಗಿ ಅವರದ್ದು. ಸೂಜಿ ಚುಚ್ಚದೆ ಕ್ಷಣದಲ್ಲೇ ತಿಳಿಯುತ್ತದಲ್ಲ, ನನಗೆ ಇದು ಈಗಲೂ ದೊಡ್ಡ ವಿಷಯವೇ.

ಆದರೆ ನಾಡಿ ಸರಿಯಾಗಿ ಸಿಗಬೇಕು. ಕೈ ತಣ್ಣಗಿದ್ದರೆ, ಅಲುಗಾಡಿದರೆ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಬಹುದು. ಅದೇ ತೋಳಿಗೆ ಬಿಪಿ ಪಟ್ಟಿ ಕಟ್ಟಿದ್ದರೆ, ಅದು ಉಬ್ಬಿ ರಕ್ತ ನಿಂತಾಗಲೂ ಅಲಾರಂ ಹೊಡೆಯುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಲವೊಮ್ಮೆ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದೂ ಉಂಟು.

ಸಾಮಾನ್ಯವಾಗಿ 95ರ ಮೇಲಿದ್ದರೆ ಸರಿ, ಶ್ವಾಸಕೋಶದ ಹಳೆ ಕಾಯಿಲೆ ಇರುವವರಿಗೆ ಡಾಕ್ಟರ್ ಬೇರೆ ಮಿತಿ ಹೇಳಿರಬಹುದು. ಅಂಕಿ ಬಿದ್ದಾಗ ಮೊದಲು ಅಮ್ಮನ ಮುಖ ನೋಡಿ. ಏದುಸಿರು, ತುಟಿ ನೀಲಿ, ಮಾತಿಗೆ ತೊದಲು ಇದ್ದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಅಮ್ಮ ಆರಾಮಾಗಿ ಕಂಡರೂ ಕರೆಯಿರಿ, ಸುಮ್ನೆ ಕೂರಬೇಡಿ.