ಕಲಬುರಗಿಯ ಹಳೇ ಚೈನೀಸ್ ಹೋಟೆಲಿಗೆ ಮನೆಮಂದಿ ಜೊತೆ ಹೋಗಬಹುದಾ? ರೇಟು ಜಾಸ್ತಿ, ವೇಟರುಗಳು ಸಿಡುಕು ಅಂತಾರೆ

ಹೋಗ್ರಿ. ಆದರೆ ಭಾನುವಾರ ರಾತ್ರಿ ಒಂಬತ್ತಕ್ಕೆ ಮಾತ್ರ ಹೋಗಬ್ಯಾಡ್ರಿ.

ನೀವು ಬರೆದದ್ದು ಇಷ್ಟು: ಊರಿಗೆ ವರ್ಗವಾಗಿ ಬಂದಿದ್ದೀರಿ, ಹೆಂಡತಿಯ ಹುಟ್ಟುಹಬ್ಬಕ್ಕೆ ಆರು ಮಂದಿ ಹೊರಗೆ ಊಟಕ್ಕೆ ಹೋಗಬೇಕು, ಅದರಲ್ಲಿ ಅತ್ತೆ-ಮಾವ ಶಾಕಾಹಾರಿಗಳು. ಹಳೇ ಚೈನೀಸ್ ರೆಸ್ಟೋರೆಂಟ್ ಅಂದಕೂಡಲೇ ಆಫೀಸಿನವರು "ಊಟ ಛಲೋ, ಮಂದಿ ಸಿಡುಕು, ಬಿಲ್ ನೋಡಿದ್ರ ಎದಿ ಧಸಕ್ ಅಂತದ" ಅಂದರಂತೆ. ದುಡ್ಡು ಕೊಟ್ಟು ಯಾಕೆ ಬೈಸಿಕೊಳ್ಳಬೇಕು ಅನ್ನೋದು ನಿಮ್ಮ ಪ್ರಶ್ನೆ. ಹೋಟೆಲಿನ ಹೆಸರು ನೀವು ಬರೆದಿಲ್ಲ, ನಾನೂ ಬರೆಯೋದಿಲ್ಲ. ಆ ಕಾಲದ ಚೈನೀಸ್ ಹೋಟೆಲುಗಳೆಲ್ಲ ಹೆಚ್ಚುಕಮ್ಮಿ ಒಂದೇ ತರಹ ಇರ್ತಾವೆ. ಕಪ್ಪು ಗಾಜಿನ ಬಾಗಿಲು, ಬಿಸಿಲಿಂದ ಒಳಗೆ ಕಾಲಿಟ್ಟರೆ ಸ್ವಲ್ಪ ಹೊತ್ತು ಏನೂ ಕಾಣದಷ್ಟು ಮಬ್ಬು, ಕೆಂಪು ಲಾಟೀನು, ರೆಕ್ಸಿನ್ ಸೀಟು, ಗೋಡೆಗೊಂದು ಡ್ರ್ಯಾಗನ್. ಮೇಜಿನ ಮೇಲೆ ಸೋಯಾ, ಚಿಲ್ಲಿ ಸಾಸು, ವಿನೆಗರಿನಲ್ಲಿ ನೆನೆದ ಹಸಿಮೆಣಸಿನಕಾಯಿ. ನಾನು ಹೋಟೆಲುಗಳ ಜಿಎಸ್‌ಟಿ ಲೆಕ್ಕ ಬರೆಯುವವನು, ಹಾಗಾಗಿ ಇಂಥ ಕಡೆ ಉಂಡಿದ್ದೂ ಇದೆ, ಅಡುಗೆಮನೆ ಬಾಗಿಲಲ್ಲಿ ರಶೀದಿಗಾಗಿ ಕಾದು ನಿಂತದ್ದೂ ಇದೆ.

ಸಿಡುಕು ನಿಜ. ಖಾನಾವಳಿ ಊಟ ರೂಢಿಯಾದ ನಮ್ಮಂಥವರಿಗೆ ಅದು ಇನ್ನೂ ಜಾಸ್ತಿ ಚುಚ್ಚುತ್ತದೆ. ಖಾನಾವಳಿಯಲ್ಲಿ ರೊಟ್ಟಿ ಬುಟ್ಟಿ ಹಿಡಿದು "ಇನ್ನೊಂದು ಹಾಕ್ಸಿಕೋರಿ, ನಾಚ್ಕೋಬ್ಯಾಡ್ರಿ" ಅಂತ ಬೆನ್ನು ಹತ್ತುತ್ತಾರೆ. ಇಲ್ಲಿ ವಯಸ್ಸಾದ ಕ್ಯಾಪ್ಟನ್ ಬಂದು ಮೆನು ಕಾರ್ಡನ್ನು ಮೇಜಿಗೆ ಬೀಳಿಸಿ ನಿಲ್ಲುತ್ತಾರೆ, ಅಷ್ಟೆ. "ಏನು ಛಲೋ ಅದರಿ?" ಅಂತ ಕೇಳಿದರೆ "ಎಲ್ಲಾ ಛಲೋನೇ ಅದ" ಅನ್ನೋದು ಉತ್ತರ. ನೀವು ಕಾರ್ಡಿನ ಮೂರನೇ ಪುಟಕ್ಕೆ ಹೋಗುವಷ್ಟರಲ್ಲಿ ಅವರು ಪಕ್ಕದ ಮೇಜಿಗೆ ಹೋಗಿರುತ್ತಾರೆ. ಮತ್ತೆ ಕರೆದರೆ "ಬಂದೆ" ಅನ್ನುತ್ತಾರೆ, ಬರೋದು ಅವರಿಗೆ ತಿಳಿದಾಗ.

ಆದರೆ ಒಂದು ಮಾತು. ಒಮ್ಮೆ ನನ್ನ ಪಕ್ಕದ ಮೇಜಿಗೆ ನಿಮ್ಮಷ್ಟೇ ದೊಡ್ಡ ಕುಟುಂಬ ಬಂದಿತ್ತು. ಮನೆಯ ಯಜಮಾನರು ಜೋರಿನಲ್ಲಿದ್ದರು. ಎಲ್ಲರಿಗೂ ಸೂಪು, ಮೂರು ಸ್ಟಾರ್ಟರ್, ಮೂರು ಫ್ರೈಡ್ ರೈಸ್, ಎರಡು ನೂಡಲ್ಸ್ ಅಂತ ಹೇಳುತ್ತಲೇ ಹೋದರು. ಕ್ಯಾಪ್ಟನ್ ಅರ್ಧ ಬರೆದು ಪೆನ್ನು ನಿಲ್ಲಿಸಿದರು. "ಮದಿವಿ ಅದಯೇನ್ರಿ? ಎರಡು ರೈಸ್, ಒಂದು ನೂಡಲ್ಸ್ ಸಾಕು. ಉಳೀತದ." ಅಷ್ಟೇ ಹೇಳಿ ಕೆಒಟಿ, ಅಂದರೆ ಅಡುಗೆಮನೆಗೆ ಕೊಡುವ ಆರ್ಡರ್ ಚೀಟಿ, ಹರಿದುಕೊಂಡು ಒಳಗೆ ಹೋದರು. ಯಜಮಾನರ ಮುಖ ನೋಡಬೇಕಿತ್ತು, ಹೆಂಡತಿ ಮಕ್ಕಳ ಮುಂದೆ ಮರ್ಯಾದೆ ಹೋದಂತೆ ಕೆಂಪಗಾಗಿತ್ತು. ಪ್ಲೇಟುಗಳು ಬಂದವು. ಕ್ಯಾಪ್ಟನ್ ಎರಡು ಚಮಚವನ್ನು ಒಂದೇ ಕೈಯಲ್ಲಿ ಇಕ್ಕಳದ ಹಾಗೆ ಹಿಡಿದು, ಒಂದು ಅಗುಳೂ ಮೇಜಿಗೆ ಬೀಳದಂತೆ ಆರೂ ತಟ್ಟೆಗೆ ಸಮ ಹಂಚಿದರು. ಆಮೇಲೂ ಬಟ್ಟಲಿನಲ್ಲಿ ರೈಸ್ ಉಳಿದಿತ್ತು.

ನಗುನಗುತ್ತಾ "ಸರ್, ಇದೊಂದು ಟ್ರೈ ಮಾಡಿ, ಇವತ್ತಿನ ಸ್ಪೆಷಲ್" ಅನ್ನುವ ಹೊಸ ಹೋಟೆಲುಗಳ ಹುಡುಗರು ನಿಮ್ಮ ಆರ್ಡರ್ ಯಾವತ್ತಾದರೂ ಕಡಿಮೆ ಮಾಡಿದ್ದು ಕಂಡಿದ್ದೀರಾ? ನನಗೆ ಬಿಲ್ ಇಳಿಸುವ ಸಿಡುಕೇ ವಾಸಿ. ಹಾಗಂತ ಎಲ್ಲಾ ಒರಟುತನಕ್ಕೂ ನನ್ನ ಒಪ್ಪಿಗೆ ಇಲ್ಲ. ಕಾಲೇಜು ಹುಡುಗರನ್ನು ಕಂಡೂ ಕಾಣದಂತೆ ಕೂರಿಸೋದು, ನೀರಿಡುವ ಹುಡುಗನಿಗೆ ಗಿರಾಕಿಗಳ ಮುಂದೆಯೇ ಬೈಯೋದು, ಇವೆಲ್ಲ ಹೊಲಸು ಚಟ. ಕಂಡರೆ ಗಲ್ಲೆಯಲ್ಲಿ ಕೂತ ಮಾಲೀಕರಿಗೆ ಮೆಲ್ಲಗೆ ಹೇಳಿ ಬನ್ನಿ. ಕ್ಯಾಪ್ಟನ್ ಜೊತೆ ವಾದಕ್ಕಿಳಿದರೆ ಊಟದ ರುಚಿ ಕೆಡುತ್ತದೆ.

ರೇಟಿನ ವಿಷಯ. ಗಾಡಿಯಲ್ಲಿ ಸಿಗುವ ಪ್ಲೇಟಿಗಿಂತ ಮೂರ್ನಾಲ್ಕು ಪಟ್ಟು ಇರುತ್ತದೆ, ಸುಳ್ಳಲ್ಲ. ಅದರಲ್ಲಿ ಒಂದು ಪಾಲು ಎಸಿಗೆ ಹೋಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ತಣ್ಣಗೆ ಕೂತು ಉಣ್ಣೋದಕ್ಕೂ ಕಿಮ್ಮತ್ತು ಇದೆ. ಇನ್ನೊಂದು ಪಾಲು ಗ್ಯಾಸಿಗೆ. ಚೈನೀಸ್ ಭಟ್ಟಿಯ ಉರಿ ಮನೆ ಒಲೆಯ ಉರಿಯಂತಲ್ಲ, ಭರ್ರ್ ಅಂತ ಸದ್ದು ಮಾಡುತ್ತಾ 19 ಕೆಜಿಯ ಕಮರ್ಷಿಯಲ್ ಸಿಲಿಂಡರನ್ನು ನುಂಗುತ್ತದೆ. ಆ ಉರಿ ಇಲ್ಲದಿದ್ದರೆ ಎಲೆಕೋಸು, ಬೀನ್ಸು ನೀರು ಬಿಟ್ಟು ಪಲ್ಯ ಆಗಿಬಿಡುತ್ತವೆ. ಅನ್ನವನ್ನೂ ಮುಂಚೆಯೇ ಮಾಡಿ ಆರಿಸಿಟ್ಟಿರುತ್ತಾರೆ, ಬಿಸಿ ಅನ್ನ ಹಾಕಿದರೆ ಕಡಾಯಿಯಲ್ಲಿ ಮುದ್ದೆ. ಭಾನುವಾರ ತಡವಾಗಿ ಹೋಗಬೇಡಿ ಅಂದದ್ದು ಇದಕ್ಕೇ. ಆರಿಸಿಟ್ಟದ್ದು ಮುಗಿದು, ಹೊಸದಾಗಿ ಬಸಿದ ಅನ್ನ ಕಡಾಯಿಗೆ ಬೀಳುವ ಹೊತ್ತು ಅದು. ವಾರದ ದಿನ ಏಳೂವರೆಗೆ ಹೋದರೆ ಅನ್ನವೂ ಉದುರುದುರು, ಕ್ಯಾಪ್ಟನ್ ಮುಖವೂ ಸ್ವಲ್ಪ ಸಡಿಲ.

"ಅದೇನು ಅಸಲಿ ಚೈನೀಸಾ?" ಅಂತ ಯಾರಾದರೂ ಮೂಗು ಮುರಿದರೆ ಅಲ್ಲ ಅಂತಲೇ ಹೇಳಿ. ಕೋಲ್ಕತ್ತದ ಟಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದ ಹಕ್ಕಾ ಚೀನೀಯರ ಅಡುಗೆ ನಮ್ಮ ಖಾರಕ್ಕೆ ಒಗ್ಗಿಕೊಂಡು ಬೆಳೆದದ್ದು ಇದು. ಮಂಚೂರಿಯನ್ ಅಂತೂ 1975ರ ಸುಮಾರಿಗೆ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ ಕೈಯಲ್ಲಿ ಹುಟ್ಟಿತು ಅಂತಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ನಮ್ಮವೇ, ಗರಂ ಮಸಾಲೆಯ ಜಾಗಕ್ಕೆ ಸೋಯಾ ಸಾಸು ಬಂತು. ನಮಗೆ ರುಚಿಸೋದರಲ್ಲಿ ಆಶ್ಚರ್ಯ ಏನಿದೆ!

ಈಗ ನಿಮ್ಮ ಅತ್ತೆ-ಮಾವನ ವಿಷಯ, ಇದೇ ಮುಖ್ಯ. ಕೂರುವ ಮುಂಚೆ ನೇರ ಕೇಳಿ: "ವೆಜ್ ಕಡಾಯಿ, ಎಣ್ಣಿ ಬ್ಯಾರೆ ಅದಯೇನ್ರಿ? ವೆಜ್ ಸೂಪಿಗೆ ಚಿಕನ್ ಸ್ಟಾಕ್ ಹಾಕ್ತೀರೇನು?" ಚೈನೀಸ್ ಅಡುಗೆಮನೆಯಲ್ಲಿ ಕೋಳಿ ಎಲುಬು ಕುದಿಸಿದ ನೀರು ಸದಾ ಒಲೆ ಮೇಲೆ ಇರುತ್ತದೆ, ಗೋಬಿ ಕರಿದ ಎಣ್ಣೆಯಲ್ಲೇ ಚಿಕನ್ನೂ ಕರಿಯುವ ಕಡೆಗಳಿವೆ. ಇಂಥ ಪ್ರಶ್ನೆಗೆ ಸಿಡುಕು ಮನುಷ್ಯರೇ ಛಲೋ. "ಒಂದೇ ಕಡಾಯಿ, ನಡೀತದಾ ನೋಡ್ರಿ" ಅಂತ ಮುಖದ ಮೇಲೆ ಹೇಳುತ್ತಾರೆ. ಹಿರಿಯರು ಕಟ್ಟುನಿಟ್ಟಾಗಿದ್ದರೆ ಆಗ ಎದ್ದು ಬಂದುಬಿಡಿ, ಹುಟ್ಟುಹಬ್ಬದ ದಿನ ಅವರನ್ನು ಸಂಕಟಕ್ಕೆ ಹಾಕಬೇಡಿ. ಬೇರೆ ಇದೆ ಅಂದರೆ ಅವರಿಗೆ ಸ್ವೀಟ್ ಕಾರ್ನ್ ಸೂಪು, ವೆಜ್ ಹಕ್ಕಾ ನೂಡಲ್ಸ್ ಸಾಕು. ಮಕ್ಕಳಿದ್ದರೆ ಅಮೆರಿಕನ್ ಚಾಪ್ಸಿ ತರಿಸಿ. ಗರಿಗರಿ ಕರಿದ ನೂಡಲ್ಸ್ ಮೇಲೆ ಹುಳಿಸಿಹಿ ಕೆಂಪು ಸಾಸು, ಹೊಸ ಹೋಟೆಲುಗಳು ಇದನ್ನು ಮರೆತೇಬಿಟ್ಟಿವೆ. ಮೇಲೆ ಮೊಟ್ಟೆ ಇಡುವ ಪದ್ಧತಿ ಇದೆ, ಬೇಡವಾದರೆ ಮೊದಲೇ ಹೇಳಿ. ಮಾಂಸ ಉಣ್ಣುವವರಿಗೆ ಚಿಲ್ಲಿ ಚಿಕನ್ ಡ್ರೈ. ಸೂಪನ್ನು ಒನ್ ಬೈ ಟು ಕೇಳಲೇಬೇಕಾದರೆ ಕ್ಯಾಪ್ಟನ್ ಮುಖ ನೋಡದೆ ಕೇಳಿ.

ಗೋಬಿ ಮಂಚೂರಿ ದಾಸವಾಳದ ಕೆಂಪಿಗೆ ಬಂದರೆ ವಾಪಸ್ ಕಳಿಸಿ, ಸಂಕೋಚ ಬೇಡ. 2024ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದೆ. ಆಗ ಹೆಸರು ಕೇಳಿಬಂದ ರೋಡಮೈನ್-ಬಿ ಅನ್ನೋದು ಬಟ್ಟೆಗೆ ಹಾಕುವ ಬಣ್ಣ.

ಬಿಲ್ ಬಂದಾಗ ನನ್ನ ಕಸುಬಿನ ಮಾತು ಎರಡು. ಇಂಥ ಹೋಟೆಲಿನಲ್ಲಿ ಜಿಎಸ್‌ಟಿ 5%, ಅಂದರೆ ಎರಡೂವರೆ-ಎರಡೂವರೆ ಅಂತ ಎರಡು ಸಾಲು. ಅವರು ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಾದ ಕಾಂಪೋಸಿಷನ್ ಸ್ಕೀಮಿನಲ್ಲಿದ್ದರೆ ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ಸರ್ವಿಸ್ ಚಾರ್ಜ್ ಅನ್ನುವ ಸಾಲು ಇದ್ದರೆ ತೆಗೆಯಿರಿ ಅನ್ನಿ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು.

ಟಿಪ್ಸ್ ಬೇರೆ ಮಾತು, ಅದು ನಿಮ್ಮ ಖುಷಿ. ಕೊಡೋದಾದರೆ ನಗದು ಕೊಡಿ. ಬಿಲ್ಲಿನ ಜೊತೆ ಸೇರಿಸಿ ಯುಪಿಐ ಮಾಡಿದರೆ ಅದು ಮಾಲೀಕರ ಖಾತೆಗೆ ಬೀಳುತ್ತದೆ, ಅಲ್ಲಿಂದ ಕ್ಯಾಪ್ಟನ್ ಕೈಗೆ ಬರೋದು ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಸೋಂಪು-ಸಕ್ಕರೆ ತಟ್ಟೆಯಲ್ಲಿ ನೋಟಿಟ್ಟು ಬನ್ನಿ. ಥ್ಯಾಂಕ್ಸ್ ಗೀಂಕ್ಸ್ ಅಂತೂ ಅನ್ನೋದಿಲ್ಲ, ಕಾಯುತ್ತಾ ನಿಲ್ಲಬೇಡಿ.